ಮೀನು ಮತ್ತು ಬೊಂಡಾಸ್: ಮಾರಿಯೋನ ನೀರಿನ ಹಂತದ ಇಬ್ಬರು ವೈರಿಗಳು

1985ರಲ್ಲಿ ನಿಂಟೆಂಡೊ ಹೊರತಂದ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ 2-2ನೇ ಹಂತವನ್ನು (ಎರಡನೆಯ ಲೋಕದ ಎರಡನೆಯ ಹಂತ) ಮೊದಲ ಸಲ ಹೊಕ್ಕವರಿಗೆ ತಟ್ಟನೆ ಅರಿವಾಗುವ ಸಂಗತಿಯೆಂದರೆ, ಅಲ್ಲಿಯವರೆಗೆ ಕೈಹಿಡಿದಿದ್ದ ವಿದ್ಯೆ ನೀರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂಬುದು. ನೆಲದ ಮೇಲೆ ವೈರಿಯ ತಲೆಯ ಮೇಲೆ ಹಾರಿದರೆ ಅದು ಸಾಯುತ್ತದೆ. ನೀರಿನಲ್ಲಿ ಹಾಗೆ ಮಾಡಿದರೆ ಸಾಯುವವನು ಮಾರಿಯೋ. ಎಸೆಯಲು ಬೆಂಕಿಯುಂಡೆಯಾಗಲಿ, ಕೆಲಹೊತ್ತು ಯಾರೂ ಏನೂ ಮಾಡಲಾಗದಂತೆ ಕಾಯುವ ನಕ್ಷತ್ರವಾಗಲಿ ಇಲ್ಲದಿದ್ದರೆ ತಪ್ಪಿಸಿಕೊಳ್ಳುವುದೊಂದೇ ದಾರಿ. ತಪ್ಪಿಸಿಕೊಳ್ಳಬೇಕಾದದ್ದು ಎರಡು ಜೀವಿಗಳಿಂದ: ಚೀಪ್ ಚೀಪ್ ಎಂಬ ಮೀನು ಮತ್ತು ಬ್ಲೂಪರ್ ಎಂಬ ಬಿಳಿಯ ಜೀವಿ. ಹುಡುಗರಾಗಿದ್ದಾಗ ನಾವು ಇದನ್ನು ಆಕ್ಟೋಪಸ್ ಎಂದೇ ನಂಬಿದ್ದೆವು. ವಾಸ್ತವದಲ್ಲಿ ಅದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜಾತಿ, ಅಂದರೆ ಸ್ಕ್ವಿಡ್. ಅದರ ಜಪಾನೀ ಹೆಸರಾದ ಗೆಸ್ಸೋ ಹುಟ್ಟಿದ್ದು ಬೊಂಡಾಸಿನ ಕಾಲುಗಳಿಗೆ ಅಲ್ಲಿನವರು ಹೇಳುವ ಗೆಸೊ ಎಂಬ ಮಾತಿನಿಂದ.

ಇವೆರಡರಲ್ಲಿ ಬೊಂಡಾಸೇ ಭಯಂಕರ, ಮೀನು ಪಾಪದ್ದು ಎಂಬುದು ಆಡಿದವರ ಸಾಮಾನ್ಯ ಅಭಿಪ್ರಾಯ. ನನ್ನದೂ ಅದೇ ಆಗಿತ್ತು. ಈಚೆಗೆ ಬಿಡುವಿದ್ದ ಕೆಲವು ರಾತ್ರಿ, ಮಾರಿಯೋನನ್ನು ದೊಡ್ಡವನನ್ನಾಗಿಸುವ ಅಣಬೆಯನ್ನೂ ಬೆಂಕಿಯುಂಡೆ ಕೊಡುವ ಹೂವನ್ನೂ ಬೇಕೆಂದೇ ಬಿಟ್ಟು ಸಣ್ಣ ಮಾರಿಯೋನಾಗಿಯೇ 2-2 ಮತ್ತು 7-2 ಹಂತಗಳನ್ನು ಮತ್ತೆ ಮತ್ತೆ ಆಡಿ, ಪ್ರತಿಯೊಂದು ಜೀವ ಯಾರಿಂದ ಹೋಯಿತೆಂದು ಹಾಳೆಯ ಮೇಲೆ ಗೆರೆ ಎಳೆಯುತ್ತಾ ಬಂದೆ. ಮೀನಿನ ಸಾಲೇ ಉದ್ದವಾಯಿತು.

ಕಾರಣ ಹುಡುಕುವುದಕ್ಕೆ ಎರಡರ ಚಲನೆಯನ್ನೂ ಹತ್ತಿರದಿಂದ ನೋಡಬೇಕಾಯಿತು. ಬೊಂಡಾಸ್ ಓರೆಯಾಗಿ ಮೇಲಕ್ಕೆ ಚಿಮ್ಮುತ್ತದೆ, ಒಂದು ಕ್ಷಣದ ನಂತರ ನೇರವಾಗಿ ಕೆಳಗೆ ಇಳಿಯುತ್ತದೆ, ಮತ್ತೆ ಚಿಮ್ಮುತ್ತದೆ. ಇಳಿಯುವಾಗ ಅದು ಪಕ್ಕಕ್ಕೆ ಸರಿಯುವುದಿಲ್ಲ. ಆದ್ದರಿಂದ ಅದು ಇಳಿಯತೊಡಗಿದ ಗಳಿಗೆಯಲ್ಲಿ ಮುಂದಕ್ಕೆ ಈಜಿಬಿಟ್ಟರೆ ಅದರ ಹಿಡಿತದಿಂದ ಪಾರಾಗಬಹುದು. ಇನ್ನೂ ದೊಡ್ಡ ಗುಟ್ಟು ಬೇರೆಯೇ ಇದೆ. ಅದು ಮಾರಿಯೋನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡು ಇಳಿಯುತ್ತದೆಯೇ ಹೊರತು ಅವನಿಗಿಂತ ಕೆಳಗೆ ಹೋಗಿ ಕಾಯುವುದಿಲ್ಲ. ಹೀಗಾಗಿ ಸಣ್ಣ ಮಾರಿಯೋ ಸಮುದ್ರದ ತಳದಲ್ಲಿ ಈಜದೆ ನಡೆದುಕೊಂಡೇ ಹೋದರೆ, ಬೊಂಡಾಸ್ ಅವನ ನೆತ್ತಿಯ ಮೇಲೆ ಏರುತ್ತಾ ಇಳಿಯುತ್ತಾ ಒದ್ದಾಡುವುದೇ ಹೊರತು ಮುಟ್ಟುವುದಿಲ್ಲ. ಇದನ್ನು ಕಂಡುಕೊಂಡ ರಾತ್ರಿ ನಾನು ಅದರ ಕೆಳಗೇ ಸುಮ್ಮನೆ ನಿಂತು, ಹಂತಕ್ಕೆ ಕೊಟ್ಟ ಕಾಲ ಮುಗಿಯುವವರೆಗೂ ಅದರ ಹಾರಾಟ ನೋಡುತ್ತಾ ಒಂದು ಜೀವವನ್ನು ಸಂತೋಷದಿಂದಲೇ ಕಳೆದುಕೊಂಡೆ.

ಮೀನಿಗೆ ಇಂಥ ಲೆಕ್ಕಾಚಾರವಿಲ್ಲ. ಅದು ಬಲಗಡೆಯಿಂದ ಬರುತ್ತದೆ, ಎಡಗಡೆಗೆ ಹೋಗುತ್ತದೆ. ಮಾರಿಯೋ ಎಲ್ಲಿದ್ದಾನೆಂಬುದನ್ನು ಅದು ಕೇಳುವುದೇ ಇಲ್ಲ. ಆ ನಿರ್ಲಕ್ಷ್ಯವೇ ಅದರ ಬಲ ಎಂದು ಈಗ ನನಗನ್ನಿಸುತ್ತದೆ. ಬೆನ್ನಟ್ಟುವವನನ್ನು ಬೇಕಾದ ಕಡೆಗೆ ಸೆಳೆದು ಮೋಸಗೊಳಿಸಬಹುದು, ತನ್ನ ಪಾಡಿಗೆ ಹೋಗುವವನನ್ನು ಮೋಸಗೊಳಿಸುವುದು ಹೇಗೆ? ಜೊತೆಗೆ ಕೆಂಪು ಮೀನು ಬೂದು ಮೀನಿಗಿಂತ ಬೇಗ ಈಜುತ್ತದೆ. ಕೆಲವು ಗೆರೆ ಎಳೆದಂತೆ ನೇರವಾಗಿ ಬಂದರೆ ಇನ್ನು ಕೆಲವು ಮೆಲ್ಲಗೆ ಮೇಲೆ ಕೆಳಗೆ ತೇಲುತ್ತಾ ಬರುತ್ತವೆ. ಎರಡು ಮೀನುಗಳ ನಡುವೆ ಕಂಡ ಸಂದು, ಅಲ್ಲಿಗೆ ತಲುಪುವಷ್ಟರಲ್ಲಿ ಮುಚ್ಚಿರುತ್ತದೆ. ತಳದಲ್ಲಿ ನಡೆಯುವ ಉಪಾಯವೂ ಇಲ್ಲಿ ಸಲ್ಲುವುದಿಲ್ಲ, ಏಕೆಂದರೆ ತಳದ ಮಟ್ಟದಲ್ಲಿಯೂ ಮೀನು ಬರುತ್ತದೆ.

ಎರಡೂ ಒಟ್ಟಿಗೆ ಬಂದಾಗ ಆಗುವುದನ್ನು ಪ್ರತ್ಯೇಕವಾಗಿ ಹೇಳಬೇಕು. ನನ್ನ ಹಾಳೆಯಲ್ಲಿ ಮೀನಿನ ಹೆಸರಿಗೆ ಬಿದ್ದ ಗೆರೆಗಳಲ್ಲಿ ಅನೇಕವು ಬೊಂಡಾಸಿಗೆ ಹೆದರಿ ಓಡುವಾಗ ಬಿದ್ದವು. ಸಮುದ್ರದ ತಳದಲ್ಲಿ ಅಲ್ಲಲ್ಲಿ ಹೊಂಡಗಳಿದ್ದು, ಅವುಗಳ ಮೇಲೆ ಬಂದವನನ್ನು ನೀರು ಕೆಳಕ್ಕೆ ಸೆಳೆಯುತ್ತದೆ. ಅಲ್ಲಿ 'ಎ' ಗುಂಡಿಯನ್ನು ಬಿಡದೆ ಒತ್ತಿ ಒತ್ತಿ ಮೇಲೇರಲೇಬೇಕು. ಸರಿಯಾಗಿ ಆ ಜಾಗದಲ್ಲಿ ಮೇಲೊಂದು ಬೊಂಡಾಸ್ ಇದ್ದರೆ ಕೈ ತಡವರಿಸುತ್ತದೆ, ಆ ಹೊತ್ತಿಗೆ ಕಣ್ಣು ಮೇಲಿರುವುದರಿಂದ ಮುಂದಿನಿಂದ ಬರುವ ಮೀನು ಕಾಣುವುದಿಲ್ಲ. (ಕೋಜಿ ಕೊಂಡೋ ಅವರು ನೀರಿನ ಹಂತಕ್ಕೆ ಕೊಟ್ಟ ವಾಲ್ಟ್ಸ್ ಸಂಗೀತದ ಮೂರೆಣಿಕೆಗೆ ಹೆಬ್ಬೆರಳು ತಾನಾಗಿಯೇ ತಾಳ ಹಾಕತೊಡಗುತ್ತದೆ, ಹಾಗೆ ತಾಳಕ್ಕೆ ಒತ್ತಿದಾಗಲೆಲ್ಲ ಮಾರಿಯೋ ಬೇಡದಿದ್ದರೂ ಮೇಲೇರಿ ಯಾವುದಾದರೊಂದಕ್ಕೆ ತಗುಲಿದ್ದಾನೆ.) 7-2ರ ನಕ್ಷೆ 2-2ರದ್ದೇ ಆದರೂ ಬೊಂಡಾಸುಗಳು ಹೆಚ್ಚು, ಅಲ್ಲಿ ಮಾತ್ರ ಎರಡು ಸಾಲುಗಳೂ ಹತ್ತಿರ ಹತ್ತಿರ ಬಂದವು.

ಬೊಂಡಾಸಿಗೆ ನಾನು ಸಂಪೂರ್ಣವಾಗಿ ಸೋತದ್ದು 8-4ರ ನೀರಿನ ಭಾಗದಲ್ಲಿ. ಅಲ್ಲಿ ಮೀನಿಲ್ಲ, ಆದರೆ ಬೊಂಡಾಸಿನ ಜೊತೆಗೆ ಗಿರಗಿರನೆ ತಿರುಗುವ ಬೆಂಕಿಯ ಸರಗಳಿವೆ. ನೀರಿನಲ್ಲಿ ಬೆಂಕಿ ಹೇಗೆ ಉರಿಯುತ್ತದೆಂದು ಯಾರೂ ಕೇಳಲಿಲ್ಲವೆಂದು ಕಾಣುತ್ತದೆ. ಸರ ಸರಿದುಹೋಗಲೆಂದು ಕಾಯುವುದಕ್ಕೆ ಬೊಂಡಾಸ್ ಬಿಡುವುದಿಲ್ಲ, ಬೊಂಡಾಸ್ ಇಳಿಯಲೆಂದು ಕಾಯುವುದಕ್ಕೆ ಸರ ಬಿಡುವುದಿಲ್ಲ.

ಬೆಂಕಿಯುಂಡೆ ಕೈಯಲ್ಲಿದ್ದರೆ ಹೋಲಿಕೆಯೇ ಬೇಡ. ಎದುರಿಗೆ ಸಾಲಾಗಿ ಬರುವ ಮೀನನ್ನು ಹೊಡೆಯುವುದು ಸುಲಭ, ನೆತ್ತಿಯ ಮೇಲೆ ತೂಗಾಡುವ ಬೊಂಡಾಸಿಗೆ ಗುರಿಯಿಡುವುದು ಕಷ್ಟ. ನನ್ನ ಅನುಭವದಲ್ಲಿ ಮೀನಿಗೆ ಉಂಡೆ ಮೀಸಲಿಟ್ಟು, ಬೊಂಡಾಸನ್ನು ಕೆಳಗಿನಿಂದ ದಾಟುವುದೇ ಲಾಭ.

ಮೀನಿನ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಮುಂದಿನ 2-3ನೇ ಹಂತವಿದೆ. ಅಲ್ಲಿ ಅದೇ ಮೀನುಗಳು ಸೇತುವೆಯ ಮೇಲೆ ಹಾರಿ ಬರುತ್ತವೆ, ಅಲ್ಲಿ ಅವುಗಳನ್ನು ಮನಸಾರೆ ತುಳಿಯಬಹುದು. ಬೊಂಡಾಸ್ ಮಾತ್ರ ಈ ಆಟದಲ್ಲಿ ಒಮ್ಮೆಯೂ ನೀರು ಬಿಟ್ಟು ಬರುವುದಿಲ್ಲ. ಅದು ಗಾಳಿಯಲ್ಲಿ ತೇಲಿ ಬರುವುದನ್ನು ನೋಡಲು ಜಪಾನಿನಲ್ಲಿ 1986ರಲ್ಲಿ ಬಂದ ಎರಡನೆಯ ಭಾಗವನ್ನೇ ಆಡಬೇಕು.