ಉಬುಂಟು 22.04ರ ಅಪಾಚಿ: ಉದ್ಯಮಬಾಗದ ಕಾರ್ಖಾನೆ ವೆಬ್‌ಸೈಟಿಗೆ ಸಾಕೇ?

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಅಥವಾ ಮಷಿನ್ ಶಾಪ್‌ನ ವೆಬ್‌ಸೈಟ್ ಅಂದರೆ ನಾಲ್ಕಾರು ಪುಟ, ಒಂದು ಎನ್‌ಕ್ವಾಯರಿ ಫಾರ್ಮ್, ಗಿರಾಕಿಗಳು ಡ್ರಾಯಿಂಗ್ ಹಾಕಲು ಒಂದು ಅಪ್‌ಲೋಡ್ ಫೋಲ್ಡರ್. ಇಷ್ಟಕ್ಕೆ ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಜೊತೆ ಬರುವ ವೆಬ್ ಸರ್ವರ್ ಸಾಫ್ಟ್‌ವೇರ್ ಅಪಾಚಿ ಧಾರಾಳ ಸಾಕು. ಸೆಕ್ಯುರಿಟಿಗೆ ಐದರಲ್ಲಿ ನಾಲ್ಕು ಅಂಕ.

ತಕರಾರು ಬರುವುದು ವರ್ಷನ್ ಬಗ್ಗೆ. ಸೆಕ್ಯುರಿಟಿ ಸ್ಕ್ಯಾನರ್ ಅಪಾಚಿಯ ವರ್ಷನ್ 2.4.52 ಎಂದು ಓದಿ, ಹಳೆಯದೆಂದು ರಿಪೋರ್ಟ್ ತುಂಬ ಕೆಂಪು ಗುರುತು ಹಾಕುತ್ತದೆ. ಆ ಅಂಕಿ ನೋಡಿ ಗಾಬರಿಯಾಗಬೇಡಿ. ಉಬುಂಟು ವರ್ಷನ್ ಏರಿಸದೆ ಪ್ಯಾಚನ್ನಷ್ಟೇ ಹಳೆಯ ಕೋಡಿಗೆ ತೇಪೆ ಹಾಕುತ್ತದೆ. ಯಾವ ಸೆಕ್ಯುರಿಟಿ ತೂತು ಮುಚ್ಚಿದೆ ಎಂಬುದು ‘ಆಪ್ಟ್ ಚೇಂಜ್‌ಲಾಗ್ ಅಪಾಚಿ2’ ಕಮಾಂಡ್ ಕೊಟ್ಟರೆ ಸಿವಿಇ ನಂಬರ್ (ಪ್ರತಿ ತೂತಿಗೂ ಕೊಡುವ ಗುರುತಿನ ಸಂಖ್ಯೆ) ಸಮೇತ ಸಿಗುತ್ತದೆ.

ಹೊಸದೇ ಬೇಕೆಂದು ಕೈಯಾರೆ ಕಂಪೈಲ್ ಮಾಡುವವರು 2021ರ ಸಿವಿಇ-2021-41773 ಓದಿಕೊಳ್ಳಬೇಕು. 2.4.49ರಲ್ಲಿ ಪಾತ್ (ಬ್ರೌಸರ್ ಕೇಳುವ ಫೈಲಿನ ವಿಳಾಸ) ಸೋಸುವ ಕೋಡ್ ಬದಲಾಯಿತು. ‘ಒಂದು ಫೋಲ್ಡರ್ ಮೇಲೆ ಹೋಗು’ ಎನ್ನುವ ‘ಚುಕ್ಕಿ ಚುಕ್ಕಿ ಸ್ಲ್ಯಾಶ್’ ತಡೆಯಬೇಕಾದ ಅದು, ಎರಡನೆಯ ಚುಕ್ಕಿಯನ್ನು ಅದರ ಎನ್‌ಕೋಡ್ ರೂಪವಾದ ‘ಪರ್ಸೆಂಟ್ 2ಇ’ ಎಂದು ಬರೆದರೆ ಗುರುತಿಸಲೇ ಇಲ್ಲ. ವೆಬ್ ಫೋಲ್ಡರ್ ದಾಟಿ ಹೊರಗಿನ ಫೈಲ್ ಓದಲು ದಾರಿಯಾಯಿತು. ಸಿಜಿಐ (ಸರ್ವರ್‌ನಲ್ಲಿ ಪ್ರೋಗ್ರಾಂ ಓಡಿಸುವ ಸೌಲಭ್ಯ) ಆನ್ ಇದ್ದರೆ ಕಮಾಂಡ್ ಓಡಿಸಲೂ ಆಯಿತು. ಅಕ್ಟೋಬರ್ 4ರ 2.4.50 ಅರ್ಧ ಮುಚ್ಚಿತು, ಚುಕ್ಕಿಯನ್ನು ಎರಡು ಸಲ ಎನ್‌ಕೋಡ್ ಮಾಡಿದರೆ ಮತ್ತೆ ನುಸುಳಬಹುದಿತ್ತು. 7ರಂದು 2.4.51 ಬಂದ ಮೇಲೆ ಬಂದ್ ಆಯಿತು. ಉಬುಂಟು 20.04ರ ‘ಹಳೇ’ 2.4.41ಕ್ಕೆ ಈ ರೋಗ ತಟ್ಟಲೇ ಇಲ್ಲ. ಎಲ್ಲ ಫೋಲ್ಡರುಗಳ ಬುಡವಾದ ರೂಟ್ ಡೈರೆಕ್ಟರಿಗೆ ‘ರಿಕ್ವೈರ್ ಆಲ್ ಡಿನೈಡ್’ (ಯಾರಿಗೂ ಪ್ರವೇಶವಿಲ್ಲ) ಎಂಬ ಸಾಲು ಇದ್ದಲ್ಲಿ 2.4.49 ಕೂಡ ಹೊರಗಿನ ಫೈಲ್ ಬಿಟ್ಟುಕೊಡುತ್ತಿರಲಿಲ್ಲ. ಉಬುಂಟುವಿನಲ್ಲಿ ಆ ಸಾಲು ಮೊದಲೇ ಇರುತ್ತದೆ, ಯಾರು ಹೇಳಿದರೂ ತೆಗೆಯಬೇಡಿ.

ಒಂದು ಅಂಕ ಕಳೆದಿದ್ದೇಕೆ? ಅಪಾಚಿಯ ಸೆಟ್ಟಿಂಗ್ ಇರುವ ‘ಅಪಾಚಿ2.ಕಾನ್ಫ್’ ಫೈಲಿನಲ್ಲಿ ವೆಬ್ ಫೋಲ್ಡರಿಗೆ ‘ಆಪ್ಷನ್ಸ್ ಇಂಡೆಕ್ಸಸ್ ಫಾಲೋಸಿಮ್‌ಲಿಂಕ್ಸ್’ ಎಂದೇ ಇಟ್ಟಿದ್ದಾರೆ. ಅಪ್‌ಲೋಡ್ ಫೋಲ್ಡರಿನಲ್ಲಿ ಇಂಡೆಕ್ಸ್ ಪುಟ ಇಲ್ಲದಿದ್ದರೆ ಒಳಗಿನ ಫೈಲುಗಳ ಪಟ್ಟಿ ಬ್ರೌಸರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಒಬ್ಬ ಗಿರಾಕಿಯ ಡ್ರಾಯಿಂಗ್ ಅವರ ಪ್ರತಿಸ್ಪರ್ಧಿಗೂ ಸಿಗುತ್ತದೆ. ಇದು ನಿಜಕ್ಕೂ ತಪ್ಪು ಡಿಫಾಲ್ಟ್. ‘ಇಂಡೆಕ್ಸಸ್’ ಪದ ಅಳಿಸಿಬಿಡಿ. ಅಳಿಸುವ ಬದಲು ಅದರ ಶುರುವಿಗೆ ಮೈನಸ್ ಹಾಕಿ ಪಕ್ಕದ ಪದವನ್ನು ಹಾಗೇ ಬಿಟ್ಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಸರ್ವರ್ ಏಳುವುದಿಲ್ಲ. ‘ಅಪಾಚಿಸಿಟಿಎಲ್ ಕಾನ್ಫಿಗ್‌ಟೆಸ್ಟ್’ನಲ್ಲಿ ‘ಸಿಂಟ್ಯಾಕ್ಸ್ ಓಕೆ’ ಕಂಡ ಮೇಲೆ ರೀಲೋಡ್ ಮಾಡಿ.

ಸೆಟ್ಟಿಂಗ್‌ನಲ್ಲಿ ‘ಸರ್ವರ್‌ಟೋಕನ್ಸ್ ಪ್ರಾಡ್’ ಹಾಕಿದರೆ ಸ್ಕ್ಯಾನರಿಗೆ ವರ್ಷನ್ ಮರೆಯಾಗುತ್ತದೆ, ತೂತು ಮಾತ್ರ ಅಲ್ಲೇ ಇರುತ್ತದೆ.

ಪ್ಯಾಚ್ ತರುವ ಕೆಲಸವನ್ನು ‘ಅನಟೆಂಡೆಡ್ ಅಪ್‌ಗ್ರೇಡ್ಸ್’ ತಾನೇ ಮಾಡುತ್ತದೆ. ಆದರೆ ಓಪನ್‌ಎಸ್‌ಎಸ್‌ಎಲ್ (ಅಪಾಚಿ ಬಳಸುವ ಎನ್‌ಕ್ರಿಪ್ಷನ್ ಲೈಬ್ರರಿ) ಬದಲಾದಾಗ, ಓಡುತ್ತಿರುವ ಅಪಾಚಿ ಮೆಮೊರಿಯಲ್ಲಿ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರಬಹುದು. ‘ನೀಡ್‌ರಿಸ್ಟಾರ್ಟ್’ ಓಡಿಸಿ ಪಟ್ಟಿಯಲ್ಲಿ ಅಪಾಚಿ ಇದೆಯೇ ನೋಡಿ, ಇದ್ದರೆ ರಾತ್ರಿ ಪಾಳಿಯಲ್ಲಿ ಒಮ್ಮೆ ರಿಸ್ಟಾರ್ಟ್ ಕೊಡಿ.