ಮಿಲೇನಿಯಂ ಫೋರ್ಸೋ, ಸ್ಟೀಲ್ ವೆಂಜನ್ಸೋ?

ಚಿತ್ರಾನ್ನ ತಿಂದು ಹತ್ತಬೇಕೋ, ಹತ್ತಿಳಿದು ಬಂದು ತಿನ್ನಬೇಕೋ ಎಂಬ ಚರ್ಚೆ ಪಾರ್ಕಿಂಗ್ ಜಾಗದಲ್ಲೇ ಶುರುವಾಯಿತು. ಕೊಲಂಬಸ್‌ನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದೆವು. ಎದುರಿಗೆ ಈರಿ ಸರೋವರ, ಅದರೊಳಕ್ಕೆ ನಾಲಗೆಯಂತೆ ಚಾಚಿಕೊಂಡ ನೆಲ, ಆ ನೆಲದ ತುಂಬ ಉಕ್ಕಿನ ಗುಡ್ಡಗಳು. ಅಮೆರಿಕದ ಒಹಾಯೊ ರಾಜ್ಯದ ಸ್ಯಾಂಡಸ್ಕಿ ಊರಿನ ಮನರಂಜನಾ ಉದ್ಯಾನ ಸೀಡರ್ ಪಾಯಿಂಟ್ ಇದು. 1870ರಿಂದ ಜನ ಇಲ್ಲಿಗೆ ಬರುತ್ತಿದ್ದಾರೆ. ಆಗ ಸರೋವರದಲ್ಲಿ ಮೀಯಲು ಬರುತ್ತಿದ್ದರು, ಈಗ ದುಡ್ಡು ಕೊಟ್ಟು ಹೆದರಿಕೊಳ್ಳಲು ಬರುತ್ತಾರೆ.

ನಾವು ನಾಲ್ವರು. ನಾನು, ಹಾಸನದ ಗೆಳೆಯ, ನಾವೆಲ್ಲ ಅಕ್ಕ ಎಂದು ಕರೆಯುವ ಧಾರವಾಡದ ಗೆಳತಿ, ಅವಳ ಗಂಡನಾದ್ದರಿಂದ ನಮಗೆಲ್ಲ ಭಾವನಾಗಿರುವ ಕುಂದಾಪುರದವರು. ಅಕ್ಕ ಬಿಡದಿಯ ವಂಡರ್‌ಲಾ ಬಿಟ್ಟರೆ ಬೇರೆ ಯಾವ ರೋಲರ್ ಕೋಸ್ಟರನ್ನೂ ಕಂಡವಳಲ್ಲ. ಉಳಿದ ಇಬ್ಬರು ಗಂಡಸರದು ಇಲ್ಲಿನ ಎರಡು ಕೋಸ್ಟರುಗಳಲ್ಲಿ ಯಾವುದು ಮೇಲೆಂಬ ಹಳೆಯ ಜಗಳ. ಹಾಸನದವನಿಗೆ ಮಿಲೇನಿಯಂ ಫೋರ್ಸ್ ಎಂದರೆ ಕುಲದೇವರು, ಭಾವನಿಗೆ ಸ್ಟೀಲ್ ವೆಂಜನ್ಸ್. ಚಳಿಗಾಲದ ಉದ್ದಕ್ಕೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಬ್ಬರೂ ಕಾದಾಡಿ, ಕೊನೆಗೆ ತೀರ್ಪು ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಚಿತ್ರಾನ್ನವನ್ನು ಡಿಕ್ಕಿಯಲ್ಲೇ ಬಿಟ್ಟು ಒಳಗೆ ಹೋದೆವು. ಈಗ ಯೋಚಿಸಿದರೆ, ಆ ದಿನ ನಾವು ಕೈಗೊಂಡ ಅತ್ಯಂತ ಬುದ್ಧಿವಂತ ನಿರ್ಧಾರ ಅದೇ.

ಅಂಕಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಿಲೇನಿಯಂ ಫೋರ್ಸ್ 2000ದ ಮೇ ತಿಂಗಳಲ್ಲಿ ಓಡತೊಡಗಿತು. ಎತ್ತರ 310 ಅಡಿ, ಮೊದಲ ಇಳಿತ 300 ಅಡಿ, ವೇಗ ಗಂಟೆಗೆ 93 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್. ಹಳಿ ಸುತ್ತು ಹಾಕಿ ಹೊರಟ ಜಾಗಕ್ಕೇ ಮರಳುವ ಕೋಸ್ಟರುಗಳಲ್ಲಿ 300 ಅಡಿ ದಾಟಿದ ಮೊದಲನೆಯದು ಇದೇ. ಅಂಥವುಗಳಲ್ಲಿ ಜಗತ್ತಿನ ಅತಿ ಎತ್ತರದ್ದೆಂಬ ಪಟ್ಟ ಮಾತ್ರ ಮೂರು ತಿಂಗಳೂ ಉಳಿಯಲಿಲ್ಲ. ಅದೇ ಆಗಸ್ಟಿನಲ್ಲಿ ಜಪಾನಿನ ಸ್ಟೀಲ್ ಡ್ರ್ಯಾಗನ್ 2000 ಬಂದು ಕಸಿದುಕೊಂಡಿತು. ಸ್ಟೀಲ್ ವೆಂಜನ್ಸ್ 2018ರದು. ಎತ್ತರ 205 ಅಡಿ, ವೇಗ 74 ಮೈಲಿ, ನೇರ ತೊಂಬತ್ತು ಡಿಗ್ರಿಯ ಇಳಿತ, ನಾಲ್ಕು ಸಲ ತಲೆಕೆಳಗು. ಮೊದಲನೆಯದರಲ್ಲಿ ತಲೆಕೆಳಗಾಗುವುದೇ ಇಲ್ಲ. ಕಾಗದದ ಮೇಲೆ ನೋಡಿದರೆ ಎತ್ತರ, ವೇಗ ಎರಡರಲ್ಲೂ ಹಾಸನದವನೇ ಗೆದ್ದ. ಆದರೆ ಸೀಟಿನಲ್ಲಿ ಕೂರುವುದು ಕಾಗದವಲ್ಲವಲ್ಲ.

ಬೆಳಿಗ್ಗೆ ಮೊದಲು ಮಿಲೇನಿಯಂ ಫೋರ್ಸ್. ಸಾಲಿನಲ್ಲಿ ಐವತ್ತು ನಿಮಿಷ. ಒಂದು ರೈಲಿಗೆ 36 ಜನ, ಹಾಗಾಗಿ ಸಾಲು ಬೇಗ ಕರಗುತ್ತದೆ. ಸೀಟು ಹಗುರ, ಭುಜದ ಮೇಲೆ ಏನೂ ಇಲ್ಲ. ಸೊಂಟಕ್ಕೊಂದು ಪಟ್ಟಿ, ತೊಡೆಯ ಮೇಲೆ ಒಂದು ಕಂಬಿ, ಅಷ್ಟೇ. ಇಷ್ಟು ಎತ್ತರಕ್ಕೆ ಇಷ್ಟೇ ಕಂಬಿಯೇ ಎಂದು ಅಕ್ಕ ಎರಡು ಸಲ ಕೇಳಿದಳು.

ಸಾಮಾನ್ಯವಾಗಿ ಕೋಸ್ಟರನ್ನು ಮೇಲಕ್ಕೆ ಎಳೆಯುವುದು ಸರಪಳಿ. ಜೊತೆಗೆ ಟಕ್ ಟಕ್ ಟಕ್ ಎಂಬ ಸದ್ದು. ರೈಲು ಹಿಂದಕ್ಕೆ ಜಾರದಂತೆ ಹಲ್ಲುಪಟ್ಟಿಯ ಮೇಲೆ ಕೊಕ್ಕೆ ಬೀಳುವ ಸದ್ದದು. ಆ ಸದ್ದು ಕೇಳುತ್ತಾ ಮನುಷ್ಯನಿಗೆ ಸಾಲ, ಮಕ್ಕಳು, ಮನೆಯ ಗ್ಯಾಸ್ ಎಲ್ಲ ನೆನಪಾಗುತ್ತದೆ. ಮಿಲೇನಿಯಂ ಫೋರ್ಸಿನಲ್ಲಿ ಅದಕ್ಕೆ ಪುರಸೊತ್ತೇ ಇಲ್ಲ. ಬಹುಮಹಡಿ ಕಟ್ಟಡಗಳ ಲಿಫ್ಟಿನಲ್ಲಿರುವಂಥ ಉಕ್ಕಿನ ಕೇಬಲ್ ರೈಲನ್ನು 45 ಡಿಗ್ರಿ ಏರಿನಲ್ಲಿ ಸರ್ರನೆ ಎಳೆದುಕೊಂಡು ಹೋಗುತ್ತದೆ. ಒಂದು ಕಡೆ ಸರೋವರ, ಇನ್ನೊಂದು ಕಡೆ ಸ್ಯಾಂಡಸ್ಕಿ ಕೊಲ್ಲಿ, ನೋಡಿ ಮುಗಿಯುವಷ್ಟರಲ್ಲಿ ನೆತ್ತಿ ಬಂದಿರುತ್ತದೆ.

ಇಳಿತ ನಾನು ಎಣಿಸಿದಷ್ಟು ಭಯಂಕರವಾಗಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಹಾಸನದವನು ಇನ್ನೂ ಸಿಟ್ಟಾಗಿದ್ದಾನೆ. ಆದರೆ ಇಳಿತದ ನಂತರ ಶುರುವಾಗುವುದೇ ಅದರ ನಿಜವಾದ ಆಟ. ಕೆಳಗೆ ಬಂದ ರೈಲು ಹಳಿಯ ಸಮೇತ ಲಂಬರೇಖೆಯನ್ನೂ ಮೀರಿ, 122 ಡಿಗ್ರಿಯಷ್ಟು ಮಗ್ಗುಲಾಗಿ ತಿರುಗುತ್ತದೆ. ಹೀಗೆ ವಾಲಿಸಿರುವುದರಿಂದ ಅಷ್ಟು ವೇಗದಲ್ಲೂ ಮೈ ಪಕ್ಕಕ್ಕೆ ಎಸೆಯಲ್ಪಡದೆ ಸೀಟಿಗೇ ಒತ್ತಿಕೊಳ್ಳುತ್ತದೆ. ಕಣ್ಣಲ್ಲಿ ನೀರು ಬಂತು. ಅದು ಕೆನ್ನೆಗೆ ಇಳಿಯಲಿಲ್ಲ, ಅಡ್ಡಡ್ಡಲಾಗಿ ಕಿವಿಯ ಕಡೆಗೆ ಹರಿಯಿತು. ಇಳಿದ ಮೇಲೆ ಮುಟ್ಟಿ ನೋಡಿಕೊಂಡರೆ ಎರಡೂ ಕಿವಿಯ ಮುಂದೆ ಒಣಗಿದ ಉಪ್ಪು. ಗಾಳಿ ಬಾಯಿಯೊಳಗೆ ಹೊಕ್ಕರೆ ಕಿರುಚಲೂ ಆಗುವುದಿಲ್ಲ. ಹೊಟ್ಟೆ ಮಾತ್ರ ಇದ್ದ ಜಾಗದಲ್ಲೇ ಇತ್ತು. ಅದು ವೇಗದ ಸುಖ, ಬೆದರಿಕೆಯದಲ್ಲ. ಇಳಿದ ಕೂಡಲೇ ಅಕ್ಕ, "ಇನ್ನೊಂದು ಸಲ ಹೋಗೋಣವೇನೋ?" ಎಂದಳು. ಈ ಮಾತನ್ನು ಮುಂದಿನ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಸ್ಟೀಲ್ ವೆಂಜನ್ಸ್ ಉದ್ಯಾನದ ಹಿಂಭಾಗದಲ್ಲಿದೆ. ನಡೆದು ಹೋಗುವ ದಾರಿಯೇ ದೂರ. ಮೊಬೈಲುಗಳನ್ನು ಲಾಕರಿನಲ್ಲಿ ಹಾಕಿ ಸಾಲಿಗೆ ಸೇರಿದೆವು. ಮುಂದೆ ಎರಡು ಗಂಟೆ, ಬರಿಗೈ. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾ ಮಾತಾಡದೆ ಬೇರೆ ದಾರಿಯಿರಲಿಲ್ಲ. ಮೊದಲು ಅಂತ್ಯಾಕ್ಷರಿ ಆಯಿತು, ಆಮೇಲೆ ಭಾವನ ಆಸ್ತಿ ಭಾಗದ ಕಥೆ ಆಯಿತು. ಭಾವನೊಂದಿಗೆ ಹತ್ತು ವರ್ಷದ ಗೆಳೆತನವಿದ್ದರೂ ಆ ಕಥೆ ನನಗೆ ಗೊತ್ತಿರಲಿಲ್ಲ.

ಈ ಕೋಸ್ಟರಿಗೆ ಪೂರ್ವಜನ್ಮವೊಂದಿದೆ. 1991ರಲ್ಲಿ ಇದೇ ಜಾಗದಲ್ಲಿ ಮೀನ್ ಸ್ಟ್ರೀಕ್ ಎಂಬ ಮರದ ಕೋಸ್ಟರ್ ಎದ್ದು ನಿಂತಿತ್ತು, ಎತ್ತರ 161 ಅಡಿ. ಮರದ ಹಳಿ ವರ್ಷಗಳು ಕಳೆದಂತೆ ಒರಟಾಗುತ್ತದೆ, ಸವಾರಿ ಎತ್ತಿನಗಾಡಿಯಾಗುತ್ತದೆ. 2016ರಲ್ಲಿ ಅದು ನಿಂತಿತು. ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಕಂಪನಿಯವರು ಬಂದು ಮರದ ಚೌಕಟ್ಟನ್ನು ಬಹುಪಾಲು ಉಳಿಸಿಕೊಂಡು, ಅದರ ಮೇಲೆ ಉಕ್ಕಿನ ಹಳಿ ಕೂರಿಸಿದರು. ಹಳೆಯ ತೊಟ್ಟಿ ಮನೆಯ ಕಂಬಗಳನ್ನು ಉಳಿಸಿಕೊಂಡು ಮೇಲೆ ಹೊಸ ಮಾಳಿಗೆ ಎಬ್ಬಿಸುವ ಹಾಗೆ. ಉಕ್ಕಿನ ಹಳಿಯಾದ್ದರಿಂದ ಮರದಲ್ಲಿ ಸಾಧ್ಯವಾಗದ ತಿರುಚು, ಮಗುಚು ಎಲ್ಲ ಸಾಧ್ಯವಾಯಿತು.

ಸವಾರಿ ನಿಲ್ದಾಣ ಬಿಟ್ಟ ಕೂಡಲೇ, ಏರು ಹತ್ತುವ ಮೊದಲೇ, ಎರಡು ಮೂರು ಪುಟ್ಟ ಉಬ್ಬುಗಳು ಬರುತ್ತವೆ. ಮುನ್ನೆಚ್ಚರಿಕೆ ಇರಬೇಕು. ಆಮೇಲೆ ಸರಪಳಿ, ಟಕ್ ಟಕ್, ಸಾಲ, ಮಕ್ಕಳು, ಗ್ಯಾಸ್. ನೆತ್ತಿ ದಾಟಿದ ಮೇಲೆ ಕೆಳಗೆ ಹಳಿ ಕಾಣುವುದಿಲ್ಲ. ನೇರ ತೊಂಬತ್ತು ಡಿಗ್ರಿ ಎಂದರೆ ಅದೇ ಅರ್ಥ.

ನಾನು ಅಕ್ಕನ ಪಕ್ಕದಲ್ಲಿದ್ದೆ. ಇಳಿತ ಮುಗಿದು ಮುಂದಿನ ಗುಡ್ಡದ ಬೆನ್ನೇರಿದಾಗ ಅವಳ ಕರಿಮಣಿ ಸರ ಕುರ್ತಾದ ಕತ್ತಿನಿಂದ ತಾನಾಗಿ ಹೊರಬಂದು, ಮೇಲೆದ್ದು, ಗಲ್ಲದ ಮುಂದೆ ನಿಂತಿತು. ತೂಗಲಿಲ್ಲ, ಹಾರಲಿಲ್ಲ, ನಿಂತಿತು. ನೀರಿನೊಳಗೆ ತೇಲುವ ಬಳ್ಳಿಯ ಹಾಗೆ. ಅಷ್ಟರಲ್ಲಿ ರೈಲು ತಗ್ಗಿಗೆ ಬಿತ್ತು, ಸರ ಎದೆಗೆ ಅಪ್ಪಳಿಸಿತು. ಮುಂದಿನ ಗುಡ್ಡದಲ್ಲಿ ಮತ್ತೆ ಎದ್ದಿತು. ಮೂರನೆಯ ಸಲಕ್ಕೆ ಅಕ್ಕ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕೊನೆಯವರೆಗೂ ಬಿಡಲಿಲ್ಲ. ನಾಲ್ಕು ಸಲ ತಲೆಕೆಳಗಾಗುವಾಗಲೂ ಅವಳಿಂದ ಕಿರುಚಾಟ ಬಾರದಿದ್ದದ್ದು ಧೈರ್ಯದಿಂದಲ್ಲ.

ಸವಾರಿಪ್ರಿಯರು ಇದನ್ನು ಏರ್‌ಟೈಮ್ ಎನ್ನುತ್ತಾರೆ. ಎಸೆದ ಕಲ್ಲು ಗಾಳಿಯಲ್ಲಿ ಬಾಗುವುದಕ್ಕಿಂತ ಹೆಚ್ಚು ಚುರುಕಾಗಿ ಹಳಿ ಕೆಳಕ್ಕೆ ಬಾಗಿದರೆ, ರೈಲು ಹಳಿಯ ಜೊತೆ ಹೋಗುತ್ತದೆ, ನೀವು ಕಲ್ಲಿನ ದಾರಿ ಹಿಡಿಯುತ್ತೀರಿ. ನಿಮ್ಮನ್ನು ವಾಪಸು ಎಳೆಯುವುದು ತೊಡೆಯ ಮೇಲಿನ ಕಂಬಿ. ಇಂಥ ಗಳಿಗೆಗಳು ಒಟ್ಟು 27.2 ಸೆಕೆಂಡು ಎಂದು ಈ ಕೋಸ್ಟರ್ ತೆರೆದಾಗ ಉದ್ಯಾನದವರು ಹೇಳಿಕೊಂಡಿದ್ದರು. ಎರಡೂವರೆ ನಿಮಿಷದ ಸವಾರಿಯಲ್ಲಿ ಇದು ಬಹಳವಾಯಿತು. ಅರ್ಧ ದಾರಿ ಕಳೆದ ಮೇಲಂತೂ ಮರದ ಚೌಕಟ್ಟಿನ ಒಳಗೇ ನುಗ್ಗುತ್ತದೆ. ತೊಲೆಗಳು ತಲೆಯ ಪಕ್ಕದಲ್ಲೇ ಹಾದುಹೋಗುತ್ತವೆ. ತಾಗುವುದಿಲ್ಲ ಎಂದು ಬುದ್ಧಿಗೆ ಗೊತ್ತು, ಕುತ್ತಿಗೆಗೆ ಗೊತ್ತಿಲ್ಲ. ನಾನು ಪ್ರತಿ ತೊಲೆಗೂ ತಲೆ ಬಗ್ಗಿಸಿದೆ.

ಇಳಿದಾಗ ಯಾರೂ ಇನ್ನೊಂದು ಸಲ ಎನ್ನಲಿಲ್ಲ. ಭಾವ ಬೆಂಚಿನ ಮೇಲೆ ಕುಳಿತು, "ಇದು ಕೋಸ್ಟರ್ ಅಲ್ಲ ಮಾರಾಯ, ಗೋಣಿಯಲ್ಲಿ ಹಾಕಿ ಕುಲುಕುವುದು" ಎಂದರು. ಹೊಗಳಿಕೆಯಾಗಿಯೇ.

ಈಗ ರೈಲಿನಲ್ಲಿ ಕೂರುವ ಸಾಲುಗಳ ವಿಚಾರ. ಇದು ಅಂಕಿಗಳಿಗಿಂತ ಮುಖ್ಯ. ಆಗುಂಬೆಗೋ ಚಾರ್ಮಾಡಿಗೋ ಹೋಗುವ ಸರ್ಕಾರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಗೊತ್ತು, ಉಬ್ಬು ಬಂದಾಗ ಚಾಲಕನ ಹಿಂದೆ ಕುಳಿತವರು ಸುಮ್ಮನಿರುತ್ತಾರೆ, ಹಿಂದಿನವರ ತಲೆ ಚಾವಣಿಗೆ ಬಡಿಯುತ್ತದೆ. ಕೋಸ್ಟರಿನಲ್ಲೂ ಹಿಂದಿನ ಸಾಲಿನವರನ್ನೇ ಹೆಚ್ಚು ಎತ್ತಿಹಾಕುತ್ತದೆ, ಕಾರಣ ಮಾತ್ರ ಬೇರೆ. ನೆತ್ತಿಯ ಮೇಲೆ ಮುಂದಿನ ಡಬ್ಬಿ ನಿಧಾನವಾಗಿ ಅಂಚಿನಾಚೆ ಬಾಗಿ, ಹಿಂದಿನ ಡಬ್ಬಿಗಳಿಗಾಗಿ ಕಾದಂತೆ ತೂಗಾಡುತ್ತದೆ. ರೈಲಿನ ಅರ್ಧಕ್ಕಿಂತ ಹೆಚ್ಚು ಭಾರ ಆಚೆ ದಾಟಿದ ಮೇಲೆ ವೇಗ ಬರುತ್ತದೆ. ಕೊನೆಯ ಡಬ್ಬಿ ನೆತ್ತಿಗೆ ಬರುವಾಗ ಅದನ್ನು ಮುಂದಿನವೆಲ್ಲ ಸೇರಿ ಎಳೆದೊಯ್ಯುತ್ತಿರುತ್ತವೆ. ಮುಂದೆ ಕುಳಿತವರಿಗೆ ನೋಟ ಮತ್ತು ಗಾಳಿ, ಹಿಂದೆ ಕುಳಿತವರಿಗೆ ಎಳೆತ. ಬೆಳಿಗ್ಗೆ ಮಿಲೇನಿಯಂ ಫೋರ್ಸಿನ ಇಳಿತ ನನಗೆ ಸಪ್ಪೆಯೆನಿಸಿದ್ದಕ್ಕೆ ಅರ್ಧ ಕಾರಣ ನಾನು ಎರಡನೆಯ ಸಾಲಿನಲ್ಲಿ ಕುಳಿತದ್ದು. ಹಾಸನದವನ ಆಕ್ಷೇಪಣೆಯೂ ಅದೇ ಆಗಿತ್ತು, ಅದನ್ನು ನಾನು ಒಪ್ಪಿಕೊಂಡೆ.

ನಡುವೆ ಮೂರನೆಯದೊಂದನ್ನೂ ಹತ್ತಿದೆವು, ಮ್ಯಾಗ್ನಮ್ ಎಕ್ಸ್‌ಎಲ್-200. 1989ರದು. ಸುತ್ತು ಪೂರೈಸುವ ಕೋಸ್ಟರುಗಳಲ್ಲಿ 200 ಅಡಿ ದಾಟಿದ ಮೊದಲನೆಯದು. ಅಲ್ಲಿಂದಲೇ ಎತ್ತರದ ಪೈಪೋಟಿ ಶುರುವಾದದ್ದು. ಸರೋವರದ ದಂಡೆಗುಂಟ ಹೋಗಿ, ತಿರುಗಿ, ಅದೇ ದಾರಿಯ ಪಕ್ಕದಲ್ಲಿ ವಾಪಸು. ಹತ್ತು ನಿಮಿಷವೂ ಕಾಯಲಿಲ್ಲ. ವಾಪಸು ಬರುವ ದಾರಿಯ ಗುಡ್ಡಗಳಿಗೆ ನುಣುಪಾದ ಬೆನ್ನಿಲ್ಲ, ಮುರಿದ ಚಪ್ಪರದ ಹಾಗೆ ಚೂಪು. ಚಕ್ರದ ಮೇಲೆ ಬರುವ ಸಾಲಿನಲ್ಲಿ ಕೂರಬೇಡಿ ಎಂದು ಹಿಂದೆ ನಿಂತಿದ್ದ ಅಜ್ಜನೊಬ್ಬ ಹೇಳಿದ್ದರೂ ನಾನೇ ಹಟ ಮಾಡಿ ಕುಳಿತೆ. ಮರುದಿನ ತೊಡೆಯ ಮೇಲೆ ಎರಡು ನೀಲಿ ಗೆರೆಗಳಿದ್ದವು. ಅಜ್ಜನ ವಯಸ್ಸು ಎಪ್ಪತ್ತರ ಮೇಲಿರಬೇಕು, ಎರಡೂ ಕೈ ಎತ್ತಿಕೊಂಡೇ ಹೋದರು.

ಮಕ್ಕಳಿರುವವರಿಗೆ ಒಂದು ಮಾತು. ಮಿಲೇನಿಯಂ ಫೋರ್ಸಿಗೆ 48 ಅಂಗುಲ ಎತ್ತರವಿದ್ದರೆ ಸಾಕು, ಸ್ಟೀಲ್ ವೆಂಜನ್ಸಿಗೆ 52 ಬೇಕು. ಎರಡು ಗಂಟೆ ನಿಲ್ಲಿಸಿಕೊಂಡು ಕೊನೆಯಲ್ಲಿ ಅಳತೆಗೋಲಿನ ಮುಂದೆ ಅಳಿಸುವುದಕ್ಕಿಂತ ಮೊದಲೇ ಅಳೆದುಕೊಂಡು ಹೋಗಿ. ಕನ್ನಡಕದವರು ಹಿಂದೆ ಕಟ್ಟುವ ದಾರ ಒಯ್ಯಿರಿ. ಹಾಸನದವನು ತನ್ನದನ್ನು ಕಳಚಿಟ್ಟು ಹತ್ತಿದ್ದರಿಂದ ಇಡೀ ದಿನದ ದೃಶ್ಯವೈಭವವೆಲ್ಲ ಅವನಿಗೆ ಹಸಿರು, ನೀಲಿ ಬಣ್ಣಗಳ ಕಲಸು.

ಸಂಜೆ, ವಿನೆಗರ್ ಸುರಿದ ಆಲೂಗಡ್ಡೆ ಫ್ರೈಸ್ ಮುಂದಿಟ್ಟುಕೊಂಡು ತೀರ್ಪು ಹೇಳಿದೆ. ಹತ್ತಕ್ಕೆ ಸ್ಟೀಲ್ ವೆಂಜನ್ಸಿಗೆ ಒಂಬತ್ತೂವರೆ, ಮಿಲೇನಿಯಂ ಫೋರ್ಸಿಗೆ ಎಂಟು. ಮೊದಲನೆಯದರಲ್ಲಿ ಒಂದು ಗಳಿಗೆಯೂ ಪೋಲಾಗುವುದಿಲ್ಲ, ಎರಡನೆಯದು ಕೊನೆಯ ಭಾಗದಲ್ಲಿ ಬರೀ ಓಡುತ್ತದೆ. ಜೀವನದಲ್ಲಿ ಒಂದೇ ಸಲ ಹೋಗುವವರು ಹಿಂದಿನ ಜಾಗಕ್ಕೆ ನಡೆದು, ಎರಡು ಗಂಟೆ ನಿಂತು, ಸ್ಟೀಲ್ ವೆಂಜನ್ಸನ್ನೇ ಹತ್ತಬೇಕು. ಭಾವ ಮೇಜು ಕುಟ್ಟಿದರು. ಹಾಸನದವನು ಫ್ರೈಸ್ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಮುಚ್ಚಲು ಸ್ವಲ್ಪವೇ ಹೊತ್ತಿತ್ತು, ಇನ್ನೊಂದು ಸವಾರಿಗೆ ಮಾತ್ರ ಅವಕಾಶ. ಯಾವುದಕ್ಕೆ ಎಂದು ಚರ್ಚೆ ಶುರುವಾಗುವ ಮೊದಲೇ ಕಾಲುಗಳು ನಿರ್ಧರಿಸಿದ್ದವು. ಹಾಸನದವನು ಎದ್ದು, "ಇನ್ನೊಮ್ಮೆ ನೋಡಿಯೇ ಬಿಡುತ್ತೇನೆ, ಅದರಲ್ಲಿ ಅಂಥದ್ದೇನಿದೆ" ಎನ್ನುತ್ತಾ ಭಾವನ ಜೊತೆ ಸ್ಟೀಲ್ ವೆಂಜನ್ಸ್ ಕಡೆಗೆ ಹೊರಟ. ಅಕ್ಕ ಮಿಲೇನಿಯಂ ಫೋರ್ಸ್ ದಾರಿ ಹಿಡಿದಿದ್ದಳು. ಒಂಬತ್ತೂವರೆ ಅಂಕ ಕೊಟ್ಟ ನಾನು ಅವಳ ಹಿಂದೆ ಹೋದೆ.

ಈ ಸಲ ಕೊನೆಯ ಸಾಲು. ಕತ್ತಲಾಗಿತ್ತು. ಸರೋವರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಕರಿಮಣಿ ಸರವನ್ನು ಅಕ್ಕ ಮೊದಲೇ ಕುರ್ತಾದೊಳಗೆ ಸೇರಿಸಿ ಮೇಲಿನ ಗುಂಡಿ ಹಾಕಿಕೊಂಡಿದ್ದಳು. ನೆತ್ತಿಯ ಹತ್ತಿರ ಬಂದಾಗ ಅವಳು ಉದ್ಯಾನದ ಹಿಂಭಾಗದ ದೀಪಗಳ ಕಡೆಗೆ ಕೈ ಚಾಚಿ, "ಅಗೋ, ಅವರು ಅಲ್ಲಿ..." ಎನ್ನುವಷ್ಟರಲ್ಲಿ ನಾವು ಇಲ್ಲಿರಲಿಲ್ಲ.