ಫ್ರೀ ಗಿಫ್ಟ್ ತರಲು ಹೋಗಿ 3,77,600ಕ್ಕೆ ಸಹಿ ಹಾಕಿ ಬಂದೆವು

ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುವವನು. ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕದಲ್ಲಿ ಎಂಟಾಣೆ ತಪ್ಪಿದರೂ ಹುಡುಕಿ ತೆಗೆದಿದ್ದೇನೆ. ನನ್ನ ಸ್ವಂತ ಲೆಕ್ಕ ಮಾತ್ರ, ಟೈಮ್‌ಶೇರ್ ಅನ್ನೋ ರಿಸಾರ್ಟ್ ಮೆಂಬರ್‌ಶಿಪ್ಪಿಗೆ ಸಹಿ ಹಾಕಿ, ಒಂದೇ ಸಂಜೆಯಲ್ಲಿ ಮೂರು ಮುಕ್ಕಾಲು ಲಕ್ಷದಷ್ಟು ತಪ್ಪಿತು. ಹೇಳಿಕೊಳ್ಳೋಕೆ ನಾಚಿಕೆ. ಆದರೆ ಹೋದ ವಾರ ನಮ್ಮ ಆಫೀಸಿನ ಹುಡುಗನೊಬ್ಬ ನಗುನಗುತ್ತಾ ಬಂದು, "ಸರ್, ನನಗೊಂದು ಹಾಲಿಡೇ ವೋಚರ್ ಹತ್ತೇತ್ರಿ. ರವಿವಾರ ಗಂಡ-ಹೆಂಡ್ತಿ ಇಬ್ರೂ ಬರ್ರಿ ಅಂದಾರ" ಅಂದ. ಅವನನ್ನು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡೂವರೆ ವರ್ಷದ ಹಿಂದಿನ ಮಾತು. ಕ್ಲಬ್ ರೋಡಿನ ಸಿಪಿಎಡ್ ಮೈದಾನದಲ್ಲಿ ಎಕ್ಸಿಬಿಷನ್ ನಡೆದಿತ್ತು. ಉಪ್ಪಿನಕಾಯಿಯಿಂದ ಹಿಡಿದು ಸೋಫಾವರೆಗೆ ಎಲ್ಲ ಸಿಗುವಂಥದ್ದು. ಹೊರಗೆ ಬರುವಾಗ ಒಬ್ಬ ಹುಡುಗ ಲಕ್ಕಿ ಡ್ರಾ ಕೂಪನ್ ಕೊಟ್ಟ. ಹೆಸರು, ಫೋನ್ ನಂಬರ್ ಸರಿ. ಅದರಲ್ಲಿ ಮದುವೆ ಆಗಿದೆಯಾ, ಕಾರು ಇದೆಯಾ, ಕ್ರೆಡಿಟ್ ಕಾರ್ಡ್ ಇದೆಯಾ ಅಂತಲೂ ಕೇಳಿದ್ದರು. ಮಿಕ್ಸರ್ ಗೆಲ್ಲೋದಕ್ಕೆ ಕ್ರೆಡಿಟ್ ಕಾರ್ಡ್ ಯಾಕೆ ಬೇಕು? ಆವತ್ತು ನನಗೆ ಹೊಳೆಯಲಿಲ್ಲ.

ಹತ್ತು ದಿನಕ್ಕೆ ಫೋನ್ ಬಂತು. ನಿಮಗೆ ಗಿಫ್ಟ್ ಬಂದಿದೆ, ಹೈವೇ ಪಕ್ಕದ ಹೋಟೆಲಿಗೆ ಬನ್ನಿ, ಬರೀ ಒಂದು ತಾಸಿನ ಕೆಲಸ. ಒಂದೇ ಷರತ್ತು, ಮಿಸೆಸ್ ಜೊತೆಗೆ ಬರಲೇಬೇಕು. ಈ ಷರತ್ತಿನ ಗುಟ್ಟು ನನಗೆ ಆಮೇಲೆ ತಿಳಿಯಿತು. ಒಬ್ಬನೇ ಹೋದರೆ "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಬಹುದು. ಇಬ್ಬರೂ ಅಲ್ಲೇ ಇದ್ದರೆ ಆ ನೆಪ ಇರೋದಿಲ್ಲ.

ನಾಲ್ಕು ಗಂಟೆಗೆ ಹೋದವರು ಹೊರಗೆ ಬಂದಾಗ ಎಂಟೂಕಾಲು. ಒಳಗೆ ಇಪ್ಪತ್ತು ಟೇಬಲ್, ಪ್ರತಿ ಟೇಬಲ್ಲಿಗೂ ಒಂದು ಸಂಸಾರ, ಜೋರಾಗಿ ಹಾಡು. ಪಕ್ಕದಲ್ಲಿ ಕೂತ ಹೆಂಡತಿಗೆ ಗುಟ್ಟಾಗಿ ಒಂದು ಮಾತು ಹೇಳೋ ಹಾಗಿಲ್ಲ. ಯಾರಾದರೂ ಸಹಿ ಹಾಕಿದ ಕೂಡಲೇ ಬೆಲ್ ಹೊಡೆದು ಚಪ್ಪಾಳೆ ತಟ್ಟುತ್ತಾರೆ. ಮೂರನೇ ಬೆಲ್ ಹೊತ್ತಿಗೆ ನಾವೇ ಹಿಂದುಳಿದವರು ಅನ್ನಿಸತೊಡಗಿತ್ತು.

ನಮ್ಮ ಟೇಬಲ್ಲಿಗೆ ಬಂದ ಹುಡುಗಿ ನಮ್ಮ ಕಡೆಯವಳೇ. ಊರು, ಮನೆತನ, ಮಕ್ಕಳು ಅಂತ ಅರ್ಧ ತಾಸು ಮಾತಾಡಿದಳು. ಆಮೇಲೆ ಒಂದು ಎ4 ಹಾಳೆ ತೆಗೆದು ಕೇಳಿದಳು, "ಅಕ್ಕಾರ, ವರ್ಷಕ್ಕ ಟ್ರಿಪ್ಪಿಗೆ ಎಷ್ಟು ಖರ್ಚು ಮಾಡ್ತೀರಿ?"

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ "ನಲವತ್ತು ಸಾವಿರ" ಅಂದಳು.

ಎಲ್ಲಿಯ ನಲವತ್ತು ಸಾವಿರ! ನಾವು ಬೆಳಗಾವಿಯವರು. ಚೋರ್ಲಾ ಘಾಟ್ ಇಳಿದರೆ ಮೂರು ತಾಸಿಗೆ ಗೋವಾ. ಎರಡು ದಿನ ಇದ್ದು ಬರ್ತೀವಿ. ಮಳೆಗಾಲದಲ್ಲಿ ಆಂಬೋಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ವಾಪಸ್. ಎಲ್ಲ ಸೇರಿ ಹದಿನೈದು ಸಾವಿರ ದಾಟಿದ್ದಿಲ್ಲ. ಆದರೆ ಆ ಎಸಿ ಹಾಲಿನಲ್ಲಿ, ಅಷ್ಟು ಜನರ ನಡುವೆ, ಹದಿನೈದು ಸಾವಿರ ಅನ್ನೋಕೆ ಅವಳಿಗೆ ಮುಜುಗರ. ನನಗೂ ಅಷ್ಟೇ, ಸುಮ್ನೆ ಕೂತೆ.

ಹುಡುಗಿ ನಲವತ್ತು ಸಾವಿರ ಬರೆದಳು. ವರ್ಷಕ್ಕೆ ಶೇಕಡಾ 10 ಏರಿಕೆ ಹಿಡಿದು 25 ವರ್ಷಕ್ಕೆ ಕೂಡಿಸಿದಳು. 39 ಲಕ್ಷ ಚಿಲ್ಲರೆ. ಕೆಂಪು ಪೆನ್ನಿನಲ್ಲಿ ಸುತ್ತ ಗೆರೆ ಹಾಕಿದಳು. ಅದರ ಕೆಳಗೆ ಅವರ ಮೆಂಬರ್‌ಶಿಪ್ ದರ, 4,50,000. ವರ್ಷಕ್ಕೆ 6 ರಾತ್ರಿ, 25 ವರ್ಷ, ದೇಶದ ಯಾವ ರಿಸಾರ್ಟಿನಲ್ಲಾದರೂ. "34 ಲಕ್ಷ ಉಳಿತಾಯ ಆಗ್ತೈತ್ರಿ ಸರ್, ನೀವ ಲೆಕ್ಕದವರು, ನೀವ ನೋಡ್ರಿ" ಅಂತ ಕ್ಯಾಲ್ಕುಲೇಟರ್ ನನ್ನ ಕೈಗೇ ಕೊಟ್ಟಳು. ನಾನೇ ಒತ್ತಿ ನೋಡಿದೆ. ಬರೋಬ್ಬರಿ ಬಂತು!

ಗುಣಾಕಾರ ಸರಿ ಇತ್ತು, ಏನನ್ನು ಗುಣಿಸಿದೆವು ಅನ್ನೋದೇ ತಪ್ಪು. ನಮ್ಮ ಖರ್ಚನ್ನು ವರ್ಷಕ್ಕೆ ಹತ್ತು ಪರ್ಸೆಂಟ್ ಏರಿಸಿದವರು ತಮ್ಮ ವಾರ್ಷಿಕ ನಿರ್ವಹಣಾ ಶುಲ್ಕ, ಅಂದರೆ ಎಎಂಸಿ, ಅದನ್ನು ಹಾಳೆಯ ಮೇಲೆ ಬರೆದೇ ಇರಲಿಲ್ಲ. ಊಟ, ಪೆಟ್ರೋಲ್ ಎಲ್ಲ ಸೇರಿದ ಟ್ರಿಪ್ ಖರ್ಚನ್ನು ಬರೀ ರೂಮಿನ ಬಾಡಿಗೆಗೆ ಹೋಲಿಸಿದ್ದರು. ನಾನು ಕೊಡುವ ರೊಕ್ಕಕ್ಕೆ 25 ವರ್ಷ ಬಡ್ಡಿಯೇ ಇಲ್ಲ ಅನ್ನೋ ಹಾಗೆ ಬಿಟ್ಟಿದ್ದರು.

ಇದೆಲ್ಲ ಹೊಳೆಯುವ ಮೊದಲೇ ಅವಳು ಹೆಂಡತಿಯ ಕಡೆ ತಿರುಗಿದ್ದಳು. "ಅಕ್ಕಾರ, ಇನ್ನ ಐದಾರು ವರ್ಷ ಅಷ್ಟ. ಆಮ್ಯಾಲೆ ಮಕ್ಕಳು ನಿಮ್ಮ ಕೂಡ ಎಲ್ಲಿ ಬರ್ತಾರ?" ಮಗಳು ಆಗ ಎಂಟನೇ ಕ್ಲಾಸು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ನಮ್ಮ ಕಥೆ ಮುಗಿದಿತ್ತು. ಟೈ ಕಟ್ಟಿದ ಮ್ಯಾನೇಜರ್ ಬಂದು ಇವತ್ತಿಗೆ ಮಾತ್ರ 3,20,000 ಅಂದ. ನಾಳೆ ಬರ್ತೀವಿ ಅಂದರೆ ನಾಳೆ ಹಳೇ ರೇಟು. ಕಾರ್ಡ್ ಉಜ್ಜಿ 75,000 ಕಟ್ಟಿದೆ, ಉಳಿದದ್ದು ಇಎಂಐ. ನಮಗೂ ಬೆಲ್ ಹೊಡೆದರು. ಆ ಎ4 ಹಾಳೆಯನ್ನು ಮನೆಗೆ ಒಯ್ಯುತ್ತೇನೆ ಅಂದೆ. "ಅದು ಆಫೀಸ್ ಕಾಪಿ ಸರ್" ಅಂತ ಇಟ್ಟುಕೊಂಡರು.

ಅಂದ ಹಾಗೆ ಫ್ರೀ ಗಿಫ್ಟು? ಅದೊಂದು ವೋಚರ್. ಬಳಸಬೇಕೆಂದರೆ 4,999 ರೂಪಾಯಿ ಸರ್ವಿಸ್ ಚಾರ್ಜ್ ಕಟ್ಟಬೇಕು. ಇನ್ನೂ ಕಪಾಟಿನಲ್ಲಿದೆ.

ಮುಂದಿನ ರವಿವಾರ ಬೈಲಹೊಂಗಲ ಕಡೆಯ ನಮ್ಮ ಹಳ್ಳಿಗೆ ಹೋಗಿದ್ದಾಗ ಅಪ್ಪನಿಗೆ ಹೇಳಿದೆ, ಒಂದು ಥರದ ಆಸ್ತಿ ಮಾಡಿದ್ದೇನೆ, ಮುಂದೆ ಮಕ್ಕಳ ಹೆಸರಿಗೂ ಮಾಡಬಹುದು ಅಂತ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಕೇಳಿದರು. "ಉತಾರದಾಗ ನಿನ್ನ ಹೆಸರು ಬರತೈತೇನು?"

ಉತಾರ ಅಂದರೆ ಪಹಣಿ. ಅದರಲ್ಲಿ ಹೆಸರು ಬರೋದಿಲ್ಲ. ನಾವು ಕೊಂಡದ್ದು ಜಾಗ ಅಲ್ಲ, ರೂಮೂ ಅಲ್ಲ. ವರ್ಷಕ್ಕೆ ಇಷ್ಟು ರಾತ್ರಿ ಇರಬಹುದು ಅನ್ನೋ ಅನುಮತಿ, ಅದೂ ರೂಮು ಖಾಲಿ ಇದ್ದರೆ. ಬ್ಯಾಂಕಿನವರು ಅದರ ಮೇಲೆ ಐದು ಪೈಸೆ ಸಾಲ ಕೊಡೋದಿಲ್ಲ. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ.

ಕರಾರು ಪತ್ರ ಕೊರಿಯರ್‌ನಲ್ಲಿ ಬಂದದ್ದು 23ನೇ ದಿನಕ್ಕೆ. ಎಲ್ಲ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ರಾತ್ರಿ ಕೂತು ಓದಿದೆ. 3,20,000ದ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 3,77,600. ಎಎಂಸಿ ಮೊದಲ ವರ್ಷ ಜಿಎಸ್‌ಟಿ ಸೇರಿ 16,520. ಹೋಗಲಿ ಬಿಡಲಿ, ಕಟ್ಟಲೇಬೇಕು, ಪ್ರತಿ ವರ್ಷ ಏರಿಸುವ ಹಕ್ಕು ಕಂಪನಿಗೆ. ನಮ್ಮ ಸೀಸನ್ ನೀಲಿ. ಇಂಥ ಮೆಂಬರ್‌ಶಿಪ್‌ಗಳಲ್ಲಿ ಬೇಡಿಕೆ ನೋಡಿ ವರ್ಷವನ್ನು ಬಣ್ಣಗಳಾಗಿ ಹಂಚಿರುತ್ತಾರೆ. ನಮ್ಮ ಕರಾರಿನ ನೀಲಿ ಅಂದರೆ ಹೆಚ್ಚಾಗಿ ಮಳೆಗಾಲ. ಜುಲೈನಲ್ಲಿ ನಮ್ಮ ಟಿಳಕವಾಡಿಯಲ್ಲೇ ಬಟ್ಟೆ ಒಣಗೋದಿಲ್ಲ. ಈ ಮಳೆ ಬಿಟ್ಟು ಇನ್ನೊಂದು ಮಳೆ ನೋಡೋಕೆ ಘಾಟ್ ಇಳಿಯಬೇಕು! ಮಕ್ಕಳಿಗೆ ಸಾಲಿ ಬೇರೆ ಶುರುವಾಗಿರುತ್ತದೆ.

ಇನ್ನೊಂದು ಕಲಮು ಇತ್ತು. ಈ ಪತ್ರದಲ್ಲಿ ಇಲ್ಲದ ಯಾವ ಬಾಯಿಮಾತಿಗೂ ಕಂಪನಿ ಹೊಣೆಯಲ್ಲ. ಹುಡುಗಿ ಹೇಳಿದ "ಸ್ವಲ್ಪ ಡಿಫರೆನ್ಸ್ ಕಟ್ಟಿದ್ರ ಯಾವ ಸೀಸನ್ನಿಗಾದ್ರೂ ಹೋಗಬಹುದು" ಅನ್ನೋದು ಅಲ್ಲಿಗೆ ತೇಲಿಹೋಯಿತು. ರದ್ದು ಮಾಡೋಕೆ 10 ದಿನ, ಅದೂ ರೊಕ್ಕ ಕಟ್ಟಿದ ದಿನದಿಂದ. ಪತ್ರ ಕೈಗೆ ಬರುವ ಹೊತ್ತಿಗೆ ಅದು ಮುಗಿದು 13 ದಿನ. ಯುರೋಪಿನಲ್ಲಿ ಇಂಥ ಕರಾರಿಗೆ 14 ದಿನದೊಳಗೆ ಕಾರಣ ಹೇಳದೆಯೇ ಹಿಂದೆ ಸರಿಯಬಹುದು, ಕಾನೂನೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಬೇರೆ ಕಾನೂನಿಲ್ಲ. ಕಂಪನಿ ಎಷ್ಟು ದಿನ ಬರೆದಿರುತ್ತದೋ ಅಷ್ಟು. ಹಾಗಾಗಿ ಸಹಿ ಹಾಕಿ ಇನ್ನೂ ಒಂದು ವಾರ ಆಗಿಲ್ಲ ಅನ್ನೋರು ಇದನ್ನು ಓದುತ್ತಿದ್ದರೆ, ಇವತ್ತೇ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಹಾಕಿ, ರಸೀದಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರೋದಿಲ್ಲ.

ಒಮ್ಮೆ ಹೋಗಿ ಬಂದೆವು. ಜುಲೈನಲ್ಲಿ ಮಹಾಬಳೇಶ್ವರ, ಮೂರು ರಾತ್ರಿ. ಕಿಟಕಿಯಿಂದ ಮಂಜು ನೋಡಿದೆವು. ಹೊರಗಿನ ತಿನಿಸು ಒಳಗೆ ಬಿಡೋದಿಲ್ಲ ಅಂತ ಗೇಟಿನಲ್ಲಿ ಶೇಂಗಾ ಹೋಳಿಗೆ ಡಬ್ಬಿ ತೆಗೆದಿರಿಸಿದರು. ಊಟದ ಬಿಲ್ಲು 11,400.

ಆ ವರ್ಷ ಡಿಸೆಂಬರಿಗೆ ಗೋವಾ ಅಂದುಕೊಂಡು ಸೆಪ್ಟೆಂಬರಿನಲ್ಲೇ ಫೋನ್ ಮಾಡಿದೆ. ಡಿಫರೆನ್ಸ್ ಕಟ್ಟೋಕೂ ತಯಾರಿದ್ದೆ. 24ರಿಂದ 27 ಫುಲ್ ಅಂದರು. ಅಧಿವೇಶನ ನಡೆದರೆ ಡಿಸೆಂಬರಿನಲ್ಲಿ ನಮ್ಮೂರಲ್ಲೇ ರೂಮು ಸಿಗೋದಿಲ್ಲ, ಗೋವಾದ್ದು ಕೇಳಬೇಕೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಂಡತಿ ರೊಟ್ಟಿ ಬಡಿಯೋದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ತನ್ನ ಮೊಬೈಲಿನಲ್ಲಿ ಹೋಟೆಲ್ ಬುಕಿಂಗ್ ಆ್ಯಪ್ ತೆರೆದಳು. ಅದೇ ರಿಸಾರ್ಟು, ಅದೇ ತಾರೀಖು. ರೂಮು ಇದೆ, 9,800. ನನ್ನ ಕಿವಿಯಲ್ಲಿ ಕಸ್ಟಮರ್ ಕೇರ್ ಹುಡುಗ ಇನ್ನೂ "ಫುಲ್ ಇದೆ ಸರ್" ಅನ್ನುತ್ತಿದ್ದ. ಅವಳು ಸ್ಕ್ರೀನನ್ನು ನನ್ನ ಮುಖಕ್ಕೆ ಹಿಡಿದಳು. ಗಾಜಿನ ಮೇಲೆ ಜೋಳದ ಹಿಟ್ಟಿನ ಹೆಬ್ಬೆಟ್ಟು ಮೂಡಿತ್ತು. ಕೇಳಿದರೆ ಮೆಂಬರುಗಳ ಕೋಟಾ ಬೇರೆ, ಹೊರಗಿನವರ ಕೋಟಾ ಬೇರೆಯಂತೆ. "ನಿಮ್ಮ ಲೆಕ್ಕ ಆಫೀಸಿಗಷ್ಟ ಏನ್ರಿ?" ಅಂದಳು.

ಆ ರಾತ್ರಿ ನಾನೇ ಒಂದು ಎ4 ಹಾಳೆ ತೆಗೆದೆ. 3,77,600ನ್ನು ಶೇಕಡಾ 7ರ ಎಫ್‌ಡಿ ಮಾಡಿದ್ದರೆ ವರ್ಷಕ್ಕೆ 26,432 ಬಡ್ಡಿ. ಅದಕ್ಕೆ ಎಎಂಸಿ 16,520 ಸೇರಿಸಿ, 42,952. ಆರು ರಾತ್ರಿಗೆ ಭಾಗಿಸಿದರೆ ರಾತ್ರಿಗೆ ಸುಮಾರು 7,160. ಊಟ-ತಿಂಡಿ ಬಿಟ್ಟು. ಮಳೆಗಾಲದಲ್ಲಿ ಅಂಥದ್ದೇ ರೂಮು ಆ್ಯಪ್‌ನಲ್ಲಿ 4,200ಕ್ಕೆ ಸಿಗುತ್ತದೆ, ತಿಂಡಿ ಸೇರಿ. 25 ವರ್ಷದ ಮೇಲೆ ಎಫ್‌ಡಿಯ ಅಸಲು ಹಾಗೇ ಇರುತ್ತದೆ, ಮೆಂಬರ್‌ಶಿಪ್ ಸೊನ್ನೆ. ನನ್ನ ನಿಜವಾದ ಲೆಕ್ಕವಂತೂ ಕೇಳಲೇಬೇಡಿ. ಕಾರ್ಡಿನಲ್ಲಿ 75,000, ತಿಂಗಳಿಗೆ 8,421ರಂತೆ ಇವತ್ತಿಗೆ 30 ಇಎಂಐ, ಎರಡು ವರ್ಷದ ಎಎಂಸಿ 34,692. ಒಟ್ಟು 3,62,322. ಇದ್ದದ್ದು ಮೂರು ರಾತ್ರಿ. ರಾತ್ರಿಗೆ 1,20,774 ರೂಪಾಯಿ.

ಎಲ್ಲರಿಗೂ ಇದು ಲುಕ್ಸಾನೇ ಅಂದರೆ ಸುಳ್ಳಾಗುತ್ತದೆ. ನನಗೆ ಪರಿಚಯದ ಒಬ್ಬ ರಿಟೈರ್ಡ್ ಅಧಿಕಾರಿ ಇದ್ದಾರೆ, ಬೇರೆ ಕ್ಲಬ್ಬಿನ ಮೆಂಬರ್. ಎಂಟು ತಿಂಗಳು ಮೊದಲೇ ಬುಕ್ ಮಾಡುತ್ತಾರೆ. ಸಾಲಿ ರಜೆಯ ಹಂಗಿಲ್ಲ, ಕೊಡಗಾದರೂ ಸರಿ, ಮುನ್ನಾರ್ ಆದರೂ ಸರಿ, ಗಂಡ-ಹೆಂಡತಿ ಹೊರಟುಬಿಡುತ್ತಾರೆ. ಪ್ರತಿ ವರ್ಷ ಆರೂ ರಾತ್ರಿ ಬಿಡದೆ ಬಳಸುತ್ತಾರೆ. ಅವರೂ ಸಾಲ ಮಾಡಿ ಕೊಂಡವರಲ್ಲ. ಅಂಥವರಾದರೆ ಲೆಕ್ಕ ಹಾಕಿ ನೋಡಬಹುದು. ಆದರೂ ಹಳೇ ಮೆಂಬರುಗಳು ಎಷ್ಟಕ್ಕೆ ಮಾರುತ್ತಿದ್ದಾರೆ ಅಂತ ಮೊದಲು ವಿಚಾರಿಸಿ, ಆ ರೇಟು ಕೇಳಿದರೆ ಹೊಸದರ ಆಸೆ ಹೋಗುತ್ತದೆ. ಇಂಥ ಪ್ರೆಸೆಂಟೇಷನ್ನಿಗೆ ಹೋಗಲೇಬೇಕು ಅನ್ನಿಸಿದರೆ ಕಾರ್ಡುಗಳನ್ನು ಮನೆಯಲ್ಲಿಟ್ಟು ಹೋಗಿ. ಫೋನಿನಲ್ಲಿರೋ ಯುಪಿಐ ಕೂಡ ಲೆಕ್ಕಕ್ಕಿರಲಿ.

ನಾನು ಈಗ ಎಲ್ಲಿದ್ದೇನೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕಂಪನಿ "ಕರಾರಿನ ಪ್ರಕಾರ ರೀಫಂಡ್ ಇಲ್ಲ" ಅಂತ ಬರೆಯಿತು, ಅಲ್ಲಿಗೆ ಮುಗಿಯಿತು. ಕೊನೆಗೆ ಇಲ್ಲಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದೆ. ವ್ಯಾಜ್ಯವಿದ್ದರೆ ತಮ್ಮ ಊರಿನ ಕೋರ್ಟಿಗೇ ಬರಬೇಕು ಅಂತ ಕರಾರಿನಲ್ಲಿ ಬರೆದಿತ್ತು, ಅದಕ್ಕೇ ಹೆದರಿ ತಿಂಗಳುಗಟ್ಟಲೆ ಸುಮ್ನಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಊರಲ್ಲೇ ದೂರು ಹಾಕಬಹುದು ಅಂತ ವಕೀಲರು ಹೇಳಿದ ಮೇಲೆ ಧೈರ್ಯ ಬಂತು. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಆಯೋಗಕ್ಕೆ ಫೀ ಇಲ್ಲ. ಆದರೆ ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ನಾನು ಹಾಕಿದ್ದು ಸಹಿ ಮಾಡಿದ 21ನೇ ತಿಂಗಳಿಗೆ, ಅಂಚಿಗೆ ಬಂದಿದ್ದೆ. ಕಂಪನಿ ಮೇಲಿನ ಸಿಟ್ಟಿಗೆ ಇಎಂಐ ನಿಲ್ಲಿಸಬೇಡಿ. ಸಾಲ ಬ್ಯಾಂಕಿನದು, ಸಿಬಿಲ್ ಕೆಡೋದು ನಿಮ್ಮದು. ನಾನು ಈಗಲೂ ತಿಂಗಳ ಐದಕ್ಕೆ ಹಲ್ಲು ಕಚ್ಚಿ ಕಟ್ಟುತ್ತಿದ್ದೇನೆ. ಎಎಂಸಿ ಮಾತ್ರ ಮೂರನೇ ವರ್ಷದ್ದು ಕಟ್ಟಿಲ್ಲ.

ಮೊನ್ನೆ ಮಂಗಳವಾರ ಹೊಸ ನಂಬರಿನಿಂದ ಫೋನ್. ನನ್ನ ಹೆಸರು, ಮೆಂಬರ್ ನಂಬರ್ ಎಲ್ಲ ಗೊತ್ತಿತ್ತು. ನಿಮ್ಮ ಮೆಂಬರ್‌ಶಿಪ್ಪಿಗೆ ಗಿರಾಕಿ ಸಿಕ್ಕಿದ್ದಾರೆ, 5 ಲಕ್ಷಕ್ಕೆ ಒಪ್ಪಿದ್ದಾರೆ, ಎನ್‌ಒಸಿ ಮತ್ತು ಟ್ರಾನ್ಸ್‌ಫರ್‌ಗೆ ನೀವು ಮೊದಲು 27,000 ಹಾಕಬೇಕು, ಆಮೇಲೆ ಅದೂ ವಾಪಸ್ ಬರುತ್ತದೆ ಅಂದರು. ಒಮ್ಮೆ ಸಿಕ್ಕಿಬಿದ್ದವರ ಪಟ್ಟಿ ಎಲ್ಲೋ ಮಾರಾಟ ಆಗುತ್ತಿರಬೇಕು. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ, "ಗಿರಾಕಿ ಕೊಡೋ 5 ಲಕ್ಷದಾಗ 27,000 ಹಿಡ್ಕೊಂಡು ಉಳಿದದ್ದು ಕಳಿಸ್ರಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮ್ಯಾನೇಜರ್ ಕೇಳಿ ಹೇಳ್ತೀನಿ ಸರ್" ಅಂತ ಇಟ್ಟರು.